ಹಳೆಯ ಕಾರಿನ ಚೋಕ್: ಯಾವುದನ್ನು ಹಾಕಬೇಕು, ವೈರ್ ಎಲ್ಲಿಂದ ಎಳೆಯಬೇಕು?

ಚಳಿ ಶುರುವಾದರೆ ಸಾಕು, ಹಳೆಯ ಕಾರು ಇಟ್ಟುಕೊಂಡವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥ ಸಂದೇಶ ಸುತ್ತತೊಡಗುತ್ತದೆ:

“ಬೆಳಿಗ್ಗೆ ಅಂಬಾಸಿಡರ್, ಪದ್ಮಿನಿ ಸ್ಟಾರ್ಟ್ ಆಗ್ತಿಲ್ವಾ? ಹಳೇ ಚೋಕ್ ಕೇಬಲ್ ಕಿತ್ತು ಬಿಸಾಕಿ, ಎಲೆಕ್ಟ್ರಿಕ್ ಚೋಕ್ ಹಾಕಿಸಿ. ಒಂದೇ ಒಂದು ವೈರ್, ಇಗ್ನಿಷನ್ ಕಾಯಿಲ್‌ಗೆ ಸಿಕ್ಕಿಸಿದ್ರೆ ಮುಗೀತು. ಆಮೇಲೆ ಹತ್ತು ನಿಮಿಷ ಗ್ಯಾರೇಜಲ್ಲೇ ಗಾಡಿ ಬಿಸಿ ಮಾಡಿ ಹೊರಡಿ. ಎಲ್ಲರಿಗೂ ಕಳಿಸಿ.”

ಕೊಡಿಗೇಹಳ್ಳಿ, ಸಹಕಾರನಗರ, ವಿದ್ಯಾರಣ್ಯಪುರದ ಕಡೆ ಮನೆಯ ಮುಂದೆ ಹೊದಿಕೆ ಹೊದ್ದು ನಿಂತ ಇಂಥ ಕಾರುಗಳು ಈಗಲೂ ಕಾಣಸಿಗುತ್ತವೆ. ಅಪ್ಪನ ಕಾಲದ ಗಾಡಿ, ಮಾರಲು ಮನಸ್ಸಿಲ್ಲ, ವಾರಕ್ಕೊಮ್ಮೆಯಾದರೂ ಹೊರಗೆ ತೆಗೆಯಬೇಕು. ಇಂಥ ಮನೆಯವರಿಗೆ ಈ ಸಂದೇಶ ಬಂದರೆ ನಂಬುವುದು ಸುಲಭ. ಆದರೆ ಇದರಲ್ಲಿ ಮೂರು ಸಲಹೆಗಳಿವೆ, ಮೂರೂ ತಪ್ಪು. ಮೊದಲನೆಯದು ಹಣ ಹಾಳು ಮಾಡುತ್ತದೆ. ಎರಡನೆಯದು ವೈರಿಂಗ್ ಸುಡಬಹುದು. ಮೂರನೆಯದು ಜೀವವನ್ನೇ ತೆಗೆಯಬಹುದು.

ಚುಟುಕಾಗಿ ಉತ್ತರ

- ಎಲ್ಲ ಕಾರ್ಬ್ಯುರೇಟರ್‌ಗೂ ಎಲೆಕ್ಟ್ರಿಕ್ ಚೋಕ್ ಕೂರುವುದಿಲ್ಲ. ಯಾವುದು ಕೂರುತ್ತದೆ ಎಂಬುದನ್ನು ತೀರ್ಮಾನಿಸುವುದು ಕಾರಿನ ಹೆಸರಲ್ಲ, ಅದರಲ್ಲಿರುವ ಕಾರ್ಬ್ಯುರೇಟರ್.
- ಬೆಂಗಳೂರಿನ ಹವೆಗೆ ಒಳ್ಳೆಯ ಸ್ಥಿತಿಯಲ್ಲಿರುವ ಕೇಬಲ್ ಚೋಕ್ ಧಾರಾಳ ಸಾಕು.
- ಎಲೆಕ್ಟ್ರಿಕ್ ಚೋಕ್ ಹಾಕುವುದೇ ಆದರೆ ಕಾಯಿಲ್‌ನಿಂದ ವೈರ್ ಎಳೆಯಬಾರದು. ಫ್ಯೂಸ್ ಇರುವ, ಎಂಜಿನ್ ಓಡುವಾಗ ಮಾತ್ರ ಕರೆಂಟ್ ಬರುವ ಬೇರೆ ಲೈನ್ ಬೇಕು.
- ಮುಚ್ಚಿದ ಜಾಗದಲ್ಲಿ ಚೋಕ್ ಎಳೆದು ಎಂಜಿನ್ ಓಡಿಸಲೇಬಾರದು.

ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಚೋಕ್ ಮಾಡುವ ಕೆಲಸ ಏನು?

ಪೆಟ್ರೋಲ್ ದ್ರವವಾಗಿದ್ದಾಗ ಕಿಡಿಗೆ ಹೊತ್ತಿಕೊಳ್ಳುವುದಿಲ್ಲ. ಅದು ಆವಿಯಾಗಿ ಗಾಳಿಯೊಂದಿಗೆ ಬೆರೆತಾಗ ಮಾತ್ರ ಉರಿಯುತ್ತದೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್ ಬಿಸಿಯಾಗಿದ್ದಾಗ ಕಾರ್ಬ್ಯುರೇಟರ್ ಈ ಅಳತೆಯ ಆಸುಪಾಸಿನಲ್ಲೇ ಮಿಶ್ರಣ ಕೊಡುತ್ತದೆ.

ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್‌ನಲ್ಲಿ ಕಥೆ ಬೇರೆ. ಕಾರ್ಬ್ಯುರೇಟರ್‌ನಿಂದ ಹೊರಟ ಪೆಟ್ರೋಲ್‌ನಲ್ಲಿ ಬಹುಪಾಲು ಹನಿಹನಿಯಾಗಿ ಮ್ಯಾನಿಫೋಲ್ಡ್‌ನ ತಣ್ಣನೆ ಗೋಡೆಗೆ ಅಂಟಿಕೊಳ್ಳುತ್ತದೆ. ಸಿಲಿಂಡರ್‌ಗೆ ಆವಿಯಾಗಿ ತಲುಪುವುದು ಸ್ವಲ್ಪವೇ. ಹಾಗಾಗಿ ಬೇಕಾದಷ್ಟು ಆವಿ ಸಿಗಲೆಂದು ಆ ಹೊತ್ತಿಗೆ ಪೆಟ್ರೋಲ್‌ನ ಪಾಲನ್ನೇ ಹೆಚ್ಚಿಸಬೇಕು. ಆ ಕೆಲಸವೇ ಚೋಕ್‌ನದು. ಕೆಲವು ಕಾರ್ಬ್ಯುರೇಟರ್‌ಗಳಲ್ಲಿ ಗಾಳಿಯ ದಾರಿ ಮುಚ್ಚಿ ಇದನ್ನು ಸಾಧಿಸುತ್ತಾರೆ, ಕೆಲವದರಲ್ಲಿ ಪೆಟ್ರೋಲ್‌ನ ದಾರಿಯನ್ನೇ ಅಗಲ ಮಾಡುತ್ತಾರೆ. ಈ ವ್ಯತ್ಯಾಸ ನೆನಪಿರಲಿ, ಮುಂದೆ ಆಯ್ಕೆಯೆಲ್ಲ ನಿಂತಿರುವುದು ಇದರ ಮೇಲೆಯೇ.

ಎಂಜಿನ್ ಬಿಸಿಯಾಗುತ್ತಿದ್ದಂತೆ ಚೋಕ್‌ನ ಕೆಲಸ ಮುಗಿಯಿತು. ಆಮೇಲೂ ಅದು ಎಳೆದೇ ಇದ್ದರೆ ಹೆಚ್ಚಾದ ಪೆಟ್ರೋಲ್ ಉರಿಯದೆ ಉಳಿಯುತ್ತದೆ. ಕಪ್ಪು ಹೊಗೆ ಬರುತ್ತದೆ, ಪ್ಲಗ್‌ಗೆ ಮಸಿ ಕಟ್ಟುತ್ತದೆ, ಮೈಲೇಜ್ ಬೀಳುತ್ತದೆ. ಸಿಲಿಂಡರ್ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ಪೆಟ್ರೋಲ್ ತೊಳೆದುಹಾಕಿ ಕೆಳಗಿಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ಮೂಸಿದಾಗ ಪೆಟ್ರೋಲ್ ವಾಸನೆ ಬಂದರೆ, ನೋಡಬೇಕಾದ ಜಾಗಗಳಲ್ಲಿ ಪೂರ್ತಿ ಹಿಂದಕ್ಕೆ ಹೋಗದ ಚೋಕ್ ಒಂದು.

ಬೆಂಗಳೂರಿಗೆ ಚೋಕ್ ಬೇಕೇ?

“ಇಲ್ಲೇನು ಹಿಮ ಬೀಳುತ್ತಾ, ಚೋಕ್ ತೆಗೆದುಹಾಕಿ” ಎನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ಜನವರಿಯಲ್ಲಿ ಬೆಂಗಳೂರಿನ ಬೆಳಗಿನ ಕನಿಷ್ಠ ತಾಪಮಾನದ ಸರಾಸರಿ ಸುಮಾರು 16 ಡಿಗ್ರಿ. ದಾಖಲೆಯ ಚಳಿ ಎಂದರೆ 1884ರ ಜನವರಿಯ 7.8 ಡಿಗ್ರಿ. ಡಿಸೆಂಬರ್, ಜನವರಿಯ ಮುಂಜಾನೆ ಚೋಕ್ ಬೇಕೇ ಬೇಕು, ಆದರೆ ಒಂದೆರಡು ನಿಮಿಷಕ್ಕೆ ಮಾತ್ರ. ಏಪ್ರಿಲ್‌ನಲ್ಲಿ ಬಹಳಷ್ಟು ದಿನ ಅರ್ಧ ಎಳೆದರೂ ಸಾಕಾಗುತ್ತದೆ.

ಇನ್ನೊಂದು ಸಂಗತಿ ನಮ್ಮೂರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ತೆಳು. ಗಾಳಿ ತೆಳುವಾದಷ್ಟೂ ಕಾರ್ಬ್ಯುರೇಟರ್‌ನ ಮಿಶ್ರಣದಲ್ಲಿ ಪೆಟ್ರೋಲ್‌ನ ಪಾಲು ತಾನಾಗಿಯೇ ಹೆಚ್ಚುತ್ತದೆ. ಲೆಕ್ಕ ಹಾಕಿದರೆ ಇಲ್ಲಿ ಅದು ಶೇ 4ರಿಂದ 5ರಷ್ಟಾಗುತ್ತದೆ. ಹಾಗಾಗಿ ಚಳಿ ದೇಶದವರ ಲೆಕ್ಕದಲ್ಲಿ “ಐದು ಕಿಲೋಮೀಟರ್ ಚೋಕ್ ಇಟ್ಟೇ ಓಡಿಸಿ” ಎಂಬ ಸಲಹೆ ಬಂದರೆ ಅದು ನಮಗಲ್ಲ.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಮೊದಲಿಗೆ ಒಂದು ಎಚ್ಚರಿಕೆ. ಅಂಬಾಸಿಡರ್ ಎಂದ ಮಾತ್ರಕ್ಕೆ ಚೋಕ್ ಇರಬೇಕೆಂದಿಲ್ಲ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಈ ಕಾರಿನಲ್ಲಿ ಡೀಸೆಲ್ ಎಂಜಿನ್ನಿನವೂ ಬಹಳ. ಡೀಸೆಲ್ ಎಂಜಿನ್‌ಗೆ ಕಾರ್ಬ್ಯುರೇಟರೂ ಇಲ್ಲ, ಚೋಕೂ ಇಲ್ಲ, ಅಲ್ಲಿ ಚಳಿಗೆ ಇರುವುದು ಹೀಟರ್ ಪ್ಲಗ್. ಮುಂದಿನ ಮಾತುಗಳು ಪೆಟ್ರೋಲ್ ಗಾಡಿಗೆ ಮಾತ್ರ.

ಬಾನೆಟ್ ಎತ್ತಿ, ಏರ್ ಫಿಲ್ಟರ್ ಬಿಚ್ಚಿ ನೋಡಿ. ಹಳೆಯ ಗಾಡಿಗಳಲ್ಲಿ ಎಷ್ಟೋ ಸಲ ಕಾರ್ಬ್ಯುರೇಟರೇ ಬದಲಾಗಿರುತ್ತದೆ. ಆದ್ದರಿಂದ ಪುಸ್ತಕದಲ್ಲಿ ಏನಿದೆ ಎನ್ನುವುದಕ್ಕಿಂತ ಕಣ್ಣಿಗೆ ಏನು ಕಾಣುತ್ತದೆ ಎನ್ನುವುದೇ ಮುಖ್ಯ.

*ಎಸ್‌ಯು ಬಗೆ.* 1,489 ಸಿಸಿ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಸಾಮಾನ್ಯವಾಗಿ ಇರುವುದು ಇದು. ಮೇಲ್ಗಡೆ ಗಂಟೆಯಾಕಾರದ ಡಬ್ಬಿ, ಅದರ ತುದಿಯಲ್ಲಿ ತಿರುಗಿಸಿ ತೆಗೆಯುವ ಸಣ್ಣ ಮುಚ್ಚಳ ಇರುತ್ತದೆ. ಇದರಲ್ಲಿ ಗಾಳಿಯನ್ನು ಮುಚ್ಚುವ ಬಿಲ್ಲೆಯೇ ಇಲ್ಲ. ಡ್ಯಾಶ್‌ಬೋರ್ಡ್‌ನ ಚೋಕ್ ಗುಬುಟು ಎಳೆದರೆ ಕೇಬಲ್ಲು ಕೆಳಗಿನ ಜೆಟ್ಟನ್ನು ಕೆಳಕ್ಕೆ ಇಳಿಸುತ್ತದೆ. ಜೆಟ್ ಇಳಿದಂತೆ ಸೂಜಿಯ ಸುತ್ತ ಸಂದು ದೊಡ್ಡದಾಗಿ ಪೆಟ್ರೋಲ್ ಹೆಚ್ಚು ಹರಿಯುತ್ತದೆ. ಗುಬುಟಿನ ಮೊದಲ ಸ್ವಲ್ಪ ಎಳೆತಕ್ಕೆ ಜೆಟ್ ಇಳಿಯುವುದಿಲ್ಲ, ಐಡ್ಲಿಂಗ್ ಮಾತ್ರ ಏರುತ್ತದೆ. ಇದು ದೋಷವಲ್ಲ, ಮಾಡಿರುವುದೇ ಹಾಗೆ. ಬಿಲ್ಲೆಯನ್ನು ತಿರುಗಿಸಲೆಂದು ಮಾಡಿದ ಎಲೆಕ್ಟ್ರಿಕ್ ಚೋಕ್‌ಗೆ ಈ ಕಾರ್ಬ್ಯುರೇಟರ್‌ನಲ್ಲಿ ಮಾಡಲು ಕೆಲಸವೇ ಇಲ್ಲ. ಸಂದೇಶ ನಂಬಿ ಪೆಟ್ಟಿಗೆ ತಂದವರ ಹಣ ಅಲ್ಲಿಗೆ ಹೋಯಿತು.

*ಪ್ರತ್ಯೇಕ ಸ್ಟಾರ್ಟರ್ ದಾರಿ ಇರುವ ಸೋಲೆಕ್ಸ್ ಬಗೆ.* ಇದರ ಮೇಲಿನ ಬಾಯಿಯಲ್ಲಿ ಬಿಲ್ಲೆ ಕಾಣದಿದ್ದರೂ ಚೋಕ್ ಕೇಬಲ್ಲು ಪಕ್ಕದ ಒಂದು ಸಣ್ಣ ಲೀವರ್‌ಗೆ ಹೋಗಿರುತ್ತದೆ. ಆ ಲೀವರ್ ಒಳಗಿನ ತೂತುಗಳಿರುವ ತಟ್ಟೆಯೊಂದನ್ನು ತಿರುಗಿಸಿ, ಚಳಿಗೆಂದೇ ಇರುವ ಬೇರೆ ದಾರಿಯಿಂದ ಪೆಟ್ರೋಲ್ ಬಿಡುತ್ತದೆ. ಕಾರ್ಬ್ಯುರೇಟರ್‌ಗೆ ಅಂಟಿದ ಇನ್ನೊಂದು ಪುಟ್ಟ ಕಾರ್ಬ್ಯುರೇಟರ್ ಎಂದುಕೊಳ್ಳಿ. ಇದಕ್ಕೂ ಬಿಲ್ಲೆಯ ಎಲೆಕ್ಟ್ರಿಕ್ ಚೋಕ್ ಹೊಂದುವುದಿಲ್ಲ. ನಿಮ್ಮ ಪದ್ಮಿನಿಯಲ್ಲಿ ಸೋಲೆಕ್ಸ್ ಇದ್ದರೆ ಮೊದಲು ಈ ಲೀವರ್ ಇದೆಯೇ, ಬಾಯಿಯಲ್ಲಿ ಬಿಲ್ಲೆ ಇದೆಯೇ ಎಂದು ನೋಡಿಕೊಳ್ಳಿ.

*ಬಿಲ್ಲೆ ಇರುವ ಬಗೆ.* ಮೇಲಿನಿಂದ ನೋಡಿದರೆ ಬಾಯಿಯಲ್ಲಿ ಅಡ್ಡಕಡ್ಡಿಯ ಮೇಲೆ ತಿರುಗುವ ತಗಡಿನ ಬಿಲ್ಲೆ ಕಾಣುತ್ತದೆ. ಮುಚ್ಚಿದರೆ ಗಾಳಿ ಕಡಿಮೆ, ನೆಟ್ಟಗೆ ನಿಂತರೆ ದಾರಿ ಪೂರ್ತಿ ತೆರೆದಂತೆ. ಎಲೆಕ್ಟ್ರಿಕ್ ಚೋಕ್‌ನ ಮಾತು ಬರುವುದು ಇಲ್ಲಿ ಮಾತ್ರ. ಹಳೆಯದನ್ನು ತೆಗೆದು ವೆಬರ್ 32/36 ಕಾರ್ಬ್ಯುರೇಟರ್ ಹಾಕಿಸಿಕೊಂಡವರು ಅದರ ಮೇಲಿನ ಅಕ್ಷರ ಓದಿದರೆ ಸಾಕು. ಡಿಜಿವಿ ಎಂದಿದ್ದರೆ ಕೇಬಲ್ ಚೋಕ್, ಡಿಜಿಎವಿ ಎಂದಿದ್ದರೆ ರೇಡಿಯೇಟರ್ ನೀರಿನ ಬಿಸಿಗೆ ತೆರೆಯುವ ಚೋಕ್, ಡಿಜಿಇವಿ ಎಂದಿದ್ದರೆ ಎಲೆಕ್ಟ್ರಿಕ್ ಚೋಕ್.

ಹಾಗಾದರೆ ಯಾವುದನ್ನು ಆರಿಸಬೇಕು?

ನಮ್ಮ ಸಲಹೆ ಸರಳ. ಎಸ್‌ಯು ಅಥವಾ ಸ್ಟಾರ್ಟರ್ ದಾರಿಯ ಸೋಲೆಕ್ಸ್ ಇದ್ದರೆ ಕೇಬಲ್ಲನ್ನೇ ಉಳಿಸಿಕೊಳ್ಳಿ, ಅದನ್ನು ಸರಿಮಾಡಿಸಿ. ಬಿಲ್ಲೆಯ ಬಗೆ ಇದ್ದು, ಕೇಬಲ್ ಚೋಕ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಆಗಲೂ ಕೇಬಲ್ಲೇ ಮೇಲು. ಬೆಂಗಳೂರಿನಲ್ಲಿ ಯಾವ ದಿನ ಎಷ್ಟು ಎಳೆಯಬೇಕೆಂಬುದು ಓಡಿಸುವವರ ಕೈಗೆ ನಾಲ್ಕೇ ದಿನದಲ್ಲಿ ಗೊತ್ತಾಗುತ್ತದೆ.

ಎಲೆಕ್ಟ್ರಿಕ್ ಚೋಕ್‌ಗೆ ಅರ್ಥವಿರುವುದು ಎರಡು ಸಂದರ್ಭದಲ್ಲಿ. ಒಂದು, ನಿಮ್ಮ ಕಾರ್ಬ್ಯುರೇಟರ್‌ಗೆ ಅದೇ ತಯಾರಕರ ಎಲೆಕ್ಟ್ರಿಕ್ ಚೋಕ್ ಜೋಡಣೆ ಸಿಗುತ್ತಿರಬೇಕು. ಎರಡು, ಗಾಡಿ ಓಡಿಸುವವರು ಹಲವರಿದ್ದು, ಚೋಕ್ ಒಳಕ್ಕೆ ತಳ್ಳಲು ಮರೆಯುವವರು ಮನೆಯಲ್ಲಿರಬೇಕು. ಜೆ.ಸಿ. ರಸ್ತೆಯಲ್ಲಿ ಹೊಸದಾಗಿ ಕೊಂಡರೂ, ಶಿವಾಜಿನಗರದ ಗುಜರಿಯಲ್ಲಿ ಹುಡುಕಿದರೂ, ಬಿಚ್ಚಿದ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹೀಟರ್ 12 ವೋಲ್ಟ್‌ನದೇ ಎಂದು ಕೇಳಿಕೊಳ್ಳಿ. ತೆಗೆದ ಕೇಬಲ್, ಗುಬುಟು, ಲೀವರ್ ಯಾವುದನ್ನೂ ಬಿಸಾಡಬೇಡಿ.

ಕೇಬಲ್ ಚೋಕ್ ಸರಿಮಾಡುವುದು

ಚೋಕ್ ಕೆಟ್ಟಿದೆ ಎಂದು ಬರುವ ಗಾಡಿಯಲ್ಲಿ ಕೆಟ್ಟಿರುವುದು ಕಾರ್ಬ್ಯುರೇಟರೇ ಆಗಬೇಕಿಲ್ಲ, ಕೇಬಲ್ಲೂ ಆಗಿರಬಹುದು. ಪರೀಕ್ಷೆ ಸುಲಭ. ಎಂಜಿನ್ ನಿಲ್ಲಿಸಿ, ಒಬ್ಬರು ಒಳಗೆ ಕೂತು ಗುಬುಟು ಎಳೆದು ಬಿಡಲಿ, ಇನ್ನೊಬ್ಬರು ಬಾನೆಟ್ ಕೆಳಗೆ ಲೀವರ್ ನೋಡಲಿ. ಪೂರ್ತಿ ಎಳೆದಾಗ ಲೀವರ್ ಕೊನೆಯವರೆಗೆ ಹೋಗಬೇಕು, ತಳ್ಳಿದಾಗ ಪೂರ್ತಿ ಹಿಂದಕ್ಕೆ ಬರಬೇಕು. ಹಿಂದಕ್ಕೆ ಬಂದ ಮೇಲೆ ಕೇಬಲ್‌ನಲ್ಲಿ ಒಂದೆರಡು ಮಿಲಿಮೀಟರ್ ಸಡಿಲ ಉಳಿದಿರಬೇಕು. ಬಿಗಿಯಾಗಿ ಕಟ್ಟಿದರೆ ಗುಬುಟು ಒಳಗಿದ್ದರೂ ಚೋಕ್ ಸ್ವಲ್ಪ ಎಳೆದಂತೆಯೇ ಇರುತ್ತದೆ. ಮೈಲೇಜ್ ಯಾಕೆ ಬಿತ್ತೆಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಆಗಲೇ.

ಹೊಸ ಕೇಬಲ್ ಹಾಕುವಾಗ ಸೈಲೆನ್ಸರ್ ಮ್ಯಾನಿಫೋಲ್ಡ್ ಮತ್ತು ಸ್ಟೇರಿಂಗ್ ರಾಡ್‌ನಿಂದ ದೂರ ಎಳೆಯಿರಿ. ತೀರಾ ಮಡಚಬೇಡಿ, ದೊಡ್ಡ ಬಾಗು ಕೊಡಿ. ತಗಡು ದಾಟುವ ತೂತಿಗೆ ರಬ್ಬರ್ ಬಳೆ ಹಾಕಿ. ಎಳೆದ ಗುಬುಟು ತಾನಾಗಿ ಒಳಕ್ಕೆ ಜಾರುತ್ತಿದ್ದರೆ ತಿರುಗಿಸಿ ಹಿಡಿಸುವ ಬಗೆಯ ಕೇಬಲ್ ಕೇಳಿ. ಬಟ್ಟೆ ಒಣಗಿಸುವ ಕ್ಲಿಪ್ ಸಿಕ್ಕಿಸುವ ಉಪಾಯ ಬೇಡ, ಅದನ್ನು ತೆಗೆಯುವುದು ಮರೆತುಹೋಗುತ್ತದೆ.

ಎಲೆಕ್ಟ್ರಿಕ್ ಚೋಕ್ ಹೇಗೆ ಕೆಲಸ ಮಾಡುತ್ತದೆ?

ದುಂಡನೆಯ ಕಪ್ಪು ಡಬ್ಬಿಯೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಅಂಟಿಸಿ ಮಾಡಿದ ಸುರುಳಿ ಇರುತ್ತದೆ. ಒಂದು ಲೋಹ ಬಿಸಿಗೆ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಹಾಗಾಗಿ ಬಿಸಿಯಾದಂತೆ ಸುರುಳಿ ತಿರುಗಿ, ಬಿಲ್ಲೆಯನ್ನು ನಿಧಾನವಾಗಿ ತೆರೆಯುತ್ತದೆ. ಸುರುಳಿಗೆ ಬಿಸಿ ಕೊಡಲು ಒಂದು ಸಣ್ಣ ಹೀಟರ್ ಇದೆ. ಎಲೆಕ್ಟ್ರಿಕ್ ಎನ್ನುವುದು ಇಷ್ಟಕ್ಕೇ. ಎಂಜಿನ್ ಎಷ್ಟು ಬಿಸಿಯಾಗಿದೆ ಎಂಬುದನ್ನು ಹೀಟರ್ ಅಳೆಯುವುದಿಲ್ಲ. ಕರೆಂಟ್ ಬಂದ ಕ್ಷಣದಿಂದ ಅದು ಬಿಸಿಯಾಗುತ್ತಾ ಹೋಗುತ್ತದೆ, ಗಡಿಯಾರದ ಹಾಗೆ. ಆದ್ದರಿಂದ ಎಲ್ಲಿಂದ ಕರೆಂಟ್ ಕೊಡುತ್ತೀರಿ, ಯಾವಾಗ ಕೊಡುತ್ತೀರಿ ಎಂಬುದೇ ಇಲ್ಲಿ ಮುಖ್ಯ.

ಕಾಯಿಲ್‌ನಿಂದ ಏಕೆ ಬೇಡ?

ಮೂರು ಕಾರಣಗಳಿವೆ.

ಮೊದಲನೆಯದು ವೋಲ್ಟೇಜ್. ಕೆಲವು ಕಾರುಗಳಲ್ಲಿ ಕಾಯಿಲ್‌ಗೆ ಮುಂಚೆ ಬ್ಯಾಲಾಸ್ಟ್ ರೆಸಿಸ್ಟರ್ ಇರುತ್ತದೆ. ಎಂಜಿನ್ ಓಡುವಾಗ ಕಾಯಿಲ್‌ನ ತುದಿಯಲ್ಲಿ ಸಿಗುವುದು 12 ವೋಲ್ಟ್‌ಗಿಂತ ಬಹಳ ಕಡಿಮೆ. ಅಷ್ಟರಲ್ಲಿ ಹೀಟರ್ ಸರಿಯಾಗಿ ಬಿಸಿಯಾಗದೆ ಬಿಲ್ಲೆ ಅರ್ಧ ಮುಚ್ಚಿಯೇ ಉಳಿಯುತ್ತದೆ. ಜೊತೆಗೆ ಹೀಟರ್ ಎಳೆಯುವ ಕರೆಂಟಿನಿಂದ ಕಾಯಿಲ್‌ನ ವೋಲ್ಟೇಜ್ ಇನ್ನಷ್ಟು ಬಿದ್ದು, ಬಲವಾದ ಕಿಡಿ ಬೇಕಾದ ಹೊತ್ತಿಗೇ ಕಿಡಿ ಸೊರಗುತ್ತದೆ.

ಎರಡನೆಯದು ಬೆಂಕಿಯ ಅಪಾಯ. ಅಂಬಾಸಿಡರ್‌ನ ಮೂಲ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್. ಆ ಕಾಲದ ಬ್ರಿಟಿಷ್ ಕಾರುಗಳ ರೂಢಿಯಲ್ಲಿ ಕಂದು ವೈರ್ ಬ್ಯಾಟರಿಯಿಂದ ನೇರ ಬಂದದ್ದು, ಬಿಳಿ ವೈರ್ ಕೀಲಿ ತಿರುಗಿಸಿದಾಗ ಬರುವ ಇಗ್ನಿಷನ್ ಲೈನ್, ಹಸಿರು ವೈರ್ ಅದೇ ಲೈನ್ ಫ್ಯೂಸ್ ದಾಟಿದ ಮೇಲಿನದು, ಕಪ್ಪು ಅರ್ಥಿಂಗ್. ಕಾಯಿಲ್‌ಗೆ ಹೋಗುವ ಬಿಳಿ ವೈರ್‌ಗೆ ಫ್ಯೂಸ್ ಇಲ್ಲ. ಅದರಿಂದ ಎಳೆದ ಚೋಕ್ ವೈರ್ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದರೆ, ಕರೆಂಟ್ ತಡೆಯಲು ಯಾರೂ ಇಲ್ಲ. ವೈರ್ ಕೆಂಪಗೆ ಕಾದು ಇಡೀ ಹಾರ್ನೆಸ್ ಕರಗಬಹುದು. ಪಕ್ಕದಲ್ಲೇ ಪೆಟ್ರೋಲ್ ಪೈಪ್ ಇದೆ. ಬೆಂಕಿ ಹೊತ್ತದಿದ್ದರೂ ಇಗ್ನಿಷನ್ ಸತ್ತು ಹೆಬ್ಬಾಳ ಫ್ಲೈಓವರ್ ಮಧ್ಯೆ ಗಾಡಿ ನಿಲ್ಲುತ್ತದೆ.

ಮೂರನೆಯದು ಹೊತ್ತು. ಕೀಲಿ ತಿರುಗಿಸಿದ ಕೂಡಲೇ ಕಾಯಿಲ್‌ಗೆ ಕರೆಂಟ್ ಬರುತ್ತದೆ, ಎಂಜಿನ್ ಓಡಲಿ ಬಿಡಲಿ. ಕೀಲಿ ಹಾಕಿಕೊಂಡು ಎರಡು ಮೂರು ನಿಮಿಷ ಮಾತಾಡುತ್ತಾ ಕೂತರೆ ಹೀಟರ್ ಬಿಸಿಯಾಗಿ ಬಿಲ್ಲೆ ತೆರೆದುಬಿಡುತ್ತದೆ. ಎಂಜಿನ್ ಮಾತ್ರ ತಣ್ಣಗೇ ಇದೆ. ಆಮೇಲೆ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ.

ಸರಿಯಾದ ವೈರಿಂಗ್

ಇದನ್ನು ಆಟೋ ಎಲೆಕ್ಟ್ರಿಷಿಯನ್ ಹತ್ತಿರವೇ ಮಾಡಿಸಿ. ಆದರೆ ಏನು ಮಾಡಿಸಬೇಕು ಎಂಬುದು ನಿಮಗೆ ಗೊತ್ತಿರಲಿ.

1. ಮೊದಲು ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ನೋಡಿ. ಹಳೆಯ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಹೋಗಿರುವುದುಂಟು. ಬರೀ ಹೀಟರ್‌ಗೆ ಅದು ಲೆಕ್ಕಕ್ಕಿಲ್ಲ, ಆದರೆ ಒಳಗೆ ಡಯೋಡ್ ಇರುವ ರಿಲೇ ಉಲ್ಟಾ ಸೇರಿಸಿದರೆ ಸುಡುತ್ತದೆ. ಕೆಲಸ ಶುರು ಮಾಡುವ ಮುನ್ನ ಬಾಡಿಗೆ ಸೇರಿದ ತುದಿಯ ಕೇಬಲ್ ಬಿಚ್ಚಿ.

2. ಹೀಟರ್ ಎಷ್ಟು ಕರೆಂಟ್ ಎಳೆಯುತ್ತದೆ ಎಂದು ಲೆಕ್ಕ ಹಾಕಿ. ಮಲ್ಟಿಮೀಟರ್‌ನಲ್ಲಿ ಅದರ ಓಮ್ ನೋಡಿ. ಉದಾಹರಣೆಗೆ 6 ಓಮ್ ಬಂದರೆ, 12 ವೋಲ್ಟ್ ಅನ್ನು 6ರಿಂದ ಭಾಗಿಸಿ. 2 ಆಂಪ್. ಇಷ್ಟಕ್ಕೆ 1 ಚದರ ಮಿಲಿಮೀಟರ್ ವೈರ್, 5 ಆಂಪ್ ಫ್ಯೂಸ್ ಸಾಕು. ಫ್ಯೂಸ್ ಕರೆಂಟ್ ಹೊರಡುವ ತುದಿಯ ಹತ್ತಿರವಿರಬೇಕು, ಚೋಕ್‌ನ ಹತ್ತಿರವಲ್ಲ.

3. ಒಂದು ಸಾಮಾನ್ಯ ನಾಲ್ಕು ಕಾಲಿನ ರಿಲೇ ಹಾಕಿಸಿ. 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಕರೆಂಟ್. 87ನೇ ಕಾಲಿನಿಂದ ಚೋಕ್ ಹೀಟರ್‌ಗೆ. 85ನೇ ಕಾಲು ಬಾಡಿಗೆ. 86ನೇ ಕಾಲಿಗೆ ರಿಲೇಯನ್ನು ಎಬ್ಬಿಸುವ ಸೂಚನೆ.

4. ಆ ಸೂಚನೆ ಎಂಜಿನ್ ಓಡುವಾಗ ಮಾತ್ರ ಬರಬೇಕು. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಚಾರ್ಜಿಂಗ್ ದೀಪದ ವೈರ್ ಸೇರುವ ತುದಿಯಿಂದ ಇದನ್ನು ತೆಗೆಯುವುದು ರೂಢಿ. ಎಂಜಿನ್ ನಿಂತಾಗ ಅಲ್ಲಿ ವೋಲ್ಟೇಜ್ ತೀರಾ ಕಡಿಮೆ, ಚಾರ್ಜಿಂಗ್ ಶುರುವಾದಾಗ 12ಕ್ಕಿಂತ ಮೇಲೆ. ಡೈನಮೋ ಇರುವ ಗಾಡಿಯಲ್ಲಿ ನಿಧಾನ ಐಡ್ಲಿಂಗ್‌ಗೆ ಡೈನಮೋ ಸರಿಯಾಗಿ ಚಾರ್ಜ್ ಮಾಡದೆ ರಿಲೇ ಬಿಟ್ಟು ಬಿಟ್ಟು ಹಿಡಿಯಬಹುದು. ಅಲ್ಲಿ ಆಯಿಲ್ ಒತ್ತಡ ಬಂದಾಗ ಸೇರಿಕೊಳ್ಳುವ ಬಗೆಯ ಸ್ವಿಚ್ ಒಳ್ಳೆಯದು. ಗಾಡಿಯಲ್ಲಿ ಮೊದಲೇ ಇರುವ ಆಯಿಲ್ ದೀಪದ ಸ್ವಿಚ್ ಇದಕ್ಕೆ ಆಗುವುದಿಲ್ಲ, ಅದು ಒತ್ತಡ ಇಲ್ಲದಾಗ ಸೇರಿ, ಬಂದಾಗ ಬಿಡುತ್ತದೆ.

5. ರಿಲೇ ಬೇಡ ಎಂದರೆ ಕನಿಷ್ಠ ಫ್ಯೂಸ್ ದಾಟಿದ ಇಗ್ನಿಷನ್ ಲೈನ್‌ನಿಂದ ಎಳೆಯಿಸಿ, ಕೀಲಿ ತಿರುಗಿಸಿದ ಕೂಡಲೇ ಸ್ಟಾರ್ಟ್ ಮಾಡುವ ಅಭ್ಯಾಸ ಇಟ್ಟುಕೊಳ್ಳಿ. ವೈರ್‌ನ ಬಣ್ಣವನ್ನೇ ನಂಬಬೇಡಿ. ದಶಕಗಳ ತೇಪೆ ಕೆಲಸದಲ್ಲಿ ಹಸಿರು ಇದ್ದಲ್ಲಿ ಕೆಂಪು ಸೇರಿರುತ್ತದೆ. ಟೆಸ್ಟ್ ಲ್ಯಾಂಪ್ ಹಿಡಿದು, ಫ್ಯೂಸ್ ತೆಗೆದಾಗ ದೀಪ ಆರುತ್ತದೆಯೇ ನೋಡಿ.

6. ಹೀಟರ್‌ನ ಇನ್ನೊಂದು ತುದಿಗೆ ಒಳ್ಳೆಯ ಅರ್ಥಿಂಗ್ ಬೇಕು. ಕಾರ್ಬ್ಯುರೇಟರ್ ಕೆಳಗೆ ಪ್ಯಾಕಿಂಗ್ ಇರುವುದರಿಂದ ಅದರ ಮೈಯನ್ನೇ ನಂಬದೆ ಬೇರೆ ವೈರ್ ಎಳೆಯುವುದು ಲೇಸು.

ಕೊನೆಗೆ ಹೊಂದಾಣಿಕೆ. ಎಂಜಿನ್ ತಣ್ಣಗಿರುವಾಗ ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಟ್ಟರೆ ಬಿಲ್ಲೆ ಮುಚ್ಚಬೇಕು. ಡಬ್ಬಿಯ ಸ್ಕ್ರೂಗಳನ್ನು ಸಡಿಲಿಸಿ, ಗುರುತು ನೋಡಿಕೊಂಡು, ಬಿಲ್ಲೆ ಆಗಷ್ಟೇ ಮುಚ್ಚುವಲ್ಲಿಗೆ ತಿರುಗಿಸಿ ಬಿಗಿ ಮಾಡಿ. ಸ್ಟಾರ್ಟ್ ಮಾಡಿ ಕೆಲವು ನಿಮಿಷದಲ್ಲಿ ಬಿಲ್ಲೆ ನೆಟ್ಟಗೆ ನಿಂತಿದೆಯೇ ನೋಡಿ. ನಿಲ್ಲದಿದ್ದರೆ ಹೀಟರ್‌ನ ತುದಿಯಲ್ಲೇ ವೋಲ್ಟೇಜ್ ಅಳೆಯಿರಿ.

ಗ್ಯಾರೇಜಿನಲ್ಲಿ ಬಿಸಿ ಮಾಡುವುದು: ಇದು ಜೀವದ ಪ್ರಶ್ನೆ

ಚೋಕ್ ಎಳೆದ ಎಂಜಿನ್‌ನಲ್ಲಿ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಹೀಗೆ ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹಳೆಯ ಕಾರಿನಲ್ಲಿ ಈ ಅನಿಲವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಇದು ಶೇ 0.1ರಷ್ಟಿದ್ದರೂ ಒಂದೆರಡು ಗಂಟೆಯಲ್ಲಿ ಪ್ರಜ್ಞೆ ತಪ್ಪಬಹುದು, ಜೀವ ಹೋಗಬಹುದು. ಚೋಕ್ ಎಳೆದ ಹಳೆಯ ಎಂಜಿನ್‌ನ ಹೊಗೆಯಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ.

ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ನಡೆಯುತ್ತಲೇ ಇದ್ದರೂ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ತಲುಪುವುದಿಲ್ಲ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. “ಬೆಳಿಗ್ಗೆ ತಿಂಡಿ ತಿಂದಿಲ್ಲ, ಅದಕ್ಕೇ” ಎಂದುಕೊಳ್ಳುವಷ್ಟರಲ್ಲಿ ಕಾಲು ಸೋಲುತ್ತದೆ, ಎದ್ದು ಹೊರಗೆ ಬರಲು ಆಗುವುದಿಲ್ಲ.

ಶಟರ್ ಹಾಕಿದ ಗ್ಯಾರೇಜು, ಅಪಾರ್ಟ್‌ಮೆಂಟ್ ನೆಲಮಾಳಿಗೆ, ಮೂರು ಕಡೆ ಗೋಡೆ ಇರುವ ಪೋರ್ಟಿಕೋ, ಎಲ್ಲಿಯೂ ಎಂಜಿನ್ ಬಿಟ್ಟು ಕೂರಬೇಡಿ. ಕಿಟಕಿ ತೆರೆದರೆ ಸಾಕು ಎಂಬ ಭರವಸೆಯೂ ಬೇಡ. ಮೇಲಿನ ಕೋಣೆಯಲ್ಲಿ ಮಲಗಿದವರಿಗೂ ಹೊಗೆ ತಲುಪಬಹುದು. ಸ್ಟಾರ್ಟ್ ಮಾಡಿದ ಕೂಡಲೇ ಗಾಡಿಯನ್ನು ಬಯಲಿಗೆ ತನ್ನಿ. ಯಾರಿಗಾದರೂ ತಲೆಸುತ್ತು ಬಂದರೆ ಮೊದಲು ಹೊರಗಿನ ಗಾಳಿಗೆ ಕರೆತನ್ನಿ, 108ಕ್ಕೆ ಕರೆ ಮಾಡಿ.

ಅಸಲಿಗೆ ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವ ಅಗತ್ಯವೇ ಇಲ್ಲ. ಎಂಜಿನ್ ಅರ್ಧ, ಒಂದು ನಿಮಿಷ ಸ್ಥಿರವಾಗಿ ಓಡಿದರೆ ಸಾಕು, ಮೆಲ್ಲಗೆ ಹೊರಡಿ. ಓಡುತ್ತಾ ಬಿಸಿಯಾಗುವುದು ನಿಂತು ಬಿಸಿಯಾಗುವುದಕ್ಕಿಂತ ಬೇಗ.

ಇ20 ಪೆಟ್ರೋಲ್ ಬಂದ ಮೇಲೆ

ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಹಳೆಯ ಕಾರ್ಬ್ಯುರೇಟರ್‌ಗೆ ಇದರಿಂದ ಎರಡು ಬದಲಾವಣೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಒಂದು ಗ್ರಾಂ ಇ20 ಉರಿಯಲು 14.7ರ ಬದಲು ಸುಮಾರು 13.5 ಗ್ರಾಂ ಗಾಳಿ ಸಾಕು. ಕಾರ್ಬ್ಯುರೇಟರ್‌ಗೆ ಇದು ಗೊತ್ತಿಲ್ಲ, ಅದು ಹಳೆಯ ಅಳತೆಯಲ್ಲೇ ಗಾಳಿ ಬೆರೆಸುತ್ತದೆ. ಮಿಶ್ರಣ ತೆಳುವಾಗುತ್ತದೆ. ಜೊತೆಗೆ ಎಥನಾಲ್ ಆವಿಯಾಗಲು ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಹಾಗಾಗಿ ಬೆಳಗಿನ ಸ್ಟಾರ್ಟಿಂಗ್ ಟ್ರಬಲ್ ಮೊದಲಿಗಿಂತ ಹೆಚ್ಚಾಗಿದೆ ಎನಿಸಿದರೆ ಆಶ್ಚರ್ಯವಿಲ್ಲ.

ಇದಕ್ಕೆ ಮದ್ದು ಚೋಕನ್ನು ಸದಾ ಅರ್ಧ ಎಳೆದಿಡುವುದಲ್ಲ. ಪ್ಲಗ್ ಬಿಚ್ಚಿ ನೋಡಿ. ತುದಿ ಬೆಳ್ಳಗಿದ್ದರೆ ಮಿಶ್ರಣ ತೆಳು, ಕಪ್ಪು ಮಸಿ ಇದ್ದರೆ ದಪ್ಪ, ತಿಳಿ ಕಂದು ಇದ್ದರೆ ಸರಿ. ಅದನ್ನು ನೋಡಿಕೊಂಡು ಮಿಕ್ಸ್ಚರ್ ಹೊಂದಿಸಿ. ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ಮೆತ್ತಗೆ ಮಾಡುವುದರಿಂದ ಅವನ್ನೂ ಒಮ್ಮೆ ಬದಲಿಸಿ.

ಪಿಯುಸಿ ಮತ್ತು ವಿಂಟೇಜ್ ನಿಯಮ

ಬಿಎಸ್2ಕ್ಕೂ ಮುಂಚಿನ ಪೆಟ್ರೋಲ್ ಕಾರಿಗೆ ಪಿಯುಸಿ ತಪಾಸಣೆಯಲ್ಲಿ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 3ರೊಳಗಿರಬೇಕು. ಪೂರ್ತಿ ತೆರೆಯದ ಚೋಕ್ ಈ ಮಿತಿಯನ್ನು ಸುಲಭವಾಗಿ ದಾಟಿಸುತ್ತದೆ. ತಪಾಸಣೆಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಹೋಗಿ, ಗುಬುಟು ಒಳಗಿದೆಯೇ ನೋಡಿಕೊಳ್ಳಿ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬುದು ಅದರ ಷರತ್ತು. ಮೂಲ ಚೋಕ್ ಭಾಗಗಳನ್ನು ಜೋಪಾನ ಮಾಡಿ ಎಂದು ನಾವು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕೇಳಿಬರುವ ಇನ್ನಷ್ಟು ಮಾತುಗಳು

*“ಸ್ಟಾರ್ಟ್ ಮಾಡುವ ಮುಂಚೆ ಆಕ್ಸಿಲರೇಟರ್ ಮೂರು ಸಲ ತುಳಿಯಬೇಕು.”* ಎಲ್ಲ ಗಾಡಿಗೂ ಅಲ್ಲ. ಎಸ್‌ಯು ಕಾರ್ಬ್ಯುರೇಟರ್‌ನಲ್ಲಿ ಆಕ್ಸಿಲರೇಟರ್ ಪಂಪೇ ಇಲ್ಲ, ಎಷ್ಟು ತುಳಿದರೂ ಒಂದು ಹನಿ ಹೆಚ್ಚು ಪೆಟ್ರೋಲ್ ಬರುವುದಿಲ್ಲ. ಸ್ಟಾರ್ಟರ್ ದಾರಿಯ ಸೋಲೆಕ್ಸ್‌ನಲ್ಲಿ ಚೋಕ್ ಎಳೆದಾಗ ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯಬೇಕು. ಒತ್ತಿದರೆ ಆ ದಾರಿಯ ಸೆಳೆತವೇ ಕಡಿಮೆಯಾಗುತ್ತದೆ. ಎಲೆಕ್ಟ್ರಿಕ್ ಚೋಕ್‌ಗೆ ಮಾತ್ರ ಒಮ್ಮೆ ಪೂರ್ತಿ ಒತ್ತಿ ಬಿಡಬೇಕು.

*“ಬಿಸಿ ಎಂಜಿನ್ ಸ್ಟಾರ್ಟ್ ಆಗದಿದ್ದರೂ ಚೋಕ್ ಎಳೆಯಿರಿ.”* ತಪ್ಪು. ಬೇಸಿಗೆಯಲ್ಲಿ ಹೆಬ್ಬಾಳದ ಟ್ರಾಫಿಕ್ ದಾಟಿ ಬಂದು ನಿಲ್ಲಿಸಿದ ಗಾಡಿಯಲ್ಲಿ ಕಾರ್ಬ್ಯುರೇಟರ್‌ನ ಪೆಟ್ರೋಲ್ ಕುದ್ದು ಮ್ಯಾನಿಫೋಲ್ಡ್‌ಗೆ ಇಳಿದಿರುತ್ತದೆ. ಅಲ್ಲಿ ಈಗಾಗಲೇ ಪೆಟ್ರೋಲ್ ಹೆಚ್ಚು. ಚೋಕ್ ಮುಟ್ಟದೆ, ಆಕ್ಸಿಲರೇಟರ್ ಒತ್ತಿ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ.

*“ಚೋಕ್ ಸ್ವಲ್ಪ ಎಳೆದಿದ್ದರೆ ಪಿಕಪ್ ಚೆನ್ನಾಗಿರುತ್ತದೆ.”* ಹಾಗೆ ಅನಿಸಿದರೆ ನಿಮ್ಮ ಗಾಡಿಯ ಮಿಶ್ರಣ ತೆಳುವಾಗಿದೆ ಎಂದರ್ಥ. ಜೆಟ್ ಕಟ್ಟಿದೆಯೇ, ಎಲ್ಲಾದರೂ ಗಾಳಿ ಸೋರುತ್ತಿದೆಯೇ ನೋಡಿಸಿ.

ಹಂಚಿಕೊಳ್ಳುವುದಾದರೆ ಇದನ್ನು ಹಂಚಿಕೊಳ್ಳಿ

“ಹಳೆಯ ಕಾರಿನ ಚೋಕ್ ಬದಲಿಸುವ ಮುನ್ನ ಕಾರ್ಬ್ಯುರೇಟರ್ ಯಾವುದೆಂದು ನೋಡಿ. ಅಂಬಾಸಿಡರ್‌ನ ಎಸ್‌ಯುಗೆ ಬಿಲ್ಲೆಯ ಎಲೆಕ್ಟ್ರಿಕ್ ಚೋಕ್ ಕೂರುವುದಿಲ್ಲ. ಎಲೆಕ್ಟ್ರಿಕ್ ಚೋಕ್ ವೈರನ್ನು ಇಗ್ನಿಷನ್ ಕಾಯಿಲ್‌ಗೆ ಸೇರಿಸಬೇಡಿ, ಫ್ಯೂಸ್ ಮತ್ತು ರಿಲೇ ಹಾಕಿಸಿ. ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಬಿಸಿ ಮಾಡಬೇಡಿ, ಆ ಹೊಗೆ ಕೊಲ್ಲುತ್ತದೆ. ಸ್ಟಾರ್ಟ್ ಮಾಡಿ, ಬಯಲಿಗೆ ತನ್ನಿ, ಎಂಜಿನ್ ಬಿಸಿಯಾಗುತ್ತಿದ್ದಂತೆ ಚೋಕ್ ಒಳಕ್ಕೆ ತಳ್ಳಿ.”